ಕೆಂಪು ಚುಕ್ಕೆಯ ಪೋಚಮ್ಮ

ಜಹೀರಾಬಾದ್
೧೯ ಜನವರಿ ೨೦೨೫, ಭಾನುವಾರ

ಪ್ರೀತಿಯ ಮುತ್ಯಾ,

ನಿಮ್ಮ ಮೊಮ್ಮಗಳು ದೀಪ್ತಿಯ ನಮಸ್ಕಾರ. ತೊಡೆಯ ನೋವು ಹೇಗಿದೆ? ರಾತ್ರಿ ನಿದ್ದೆ ಹತ್ತುತ್ತಿದೆಯೋ, ಇಲ್ಲ ವಿಮಲಾ ಅತ್ತಿ ಹೇಳುವಂತೆ ಮಗ್ಗುಲು ಬದಲಿಸಲಾಗದೆ ಗಡಿಯಾರ ನೋಡುತ್ತಲೇ ಬೆಳಗು ಮಾಡುತ್ತೀರೋ? ಹೊಲಿಗೆ ಹಾಕಿದ ಜಾಗ ಪೂರ್ತಿ ಮಾಯ್ದಿದೆ ಎಂದು ಕೇಳಿ ಅವ್ವನಿಗೆ ಸಮಾಧಾನವಾಯಿತು. ತಾಂಡೂರಿನ ಅತ್ತಿಯ ಮನೆಯ ಕಲ್ಲುಹಾಸು ಚಳಿಗಾಲದಲ್ಲಿ ಮಂಜುಗಡ್ಡೆಯಂತಾಗುತ್ತದೆ, ಕಾಲುಚೀಲ ಹಾಕಿಕೊಳ್ಳಿ ಎಂದು ಬರೆಯಲು ಹೊರಟಿದ್ದೆ. ನೀವು ನೆಲಕ್ಕೆ ಕಾಲೇ ಇಡುತ್ತಿಲ್ಲವೆಂಬುದು ಆಮೇಲೆ ನೆನಪಾಯಿತು. ಮೆಲ್ಲಗೆ ಹೇಳಬೇಕೆಂದಿದ್ದ ಮಾತು ಇಷ್ಟು ಬೇಗ ಬಂದುಬಿಟ್ಟಿತು, ತಪ್ಪು ತಿಳಿಯಬೇಡಿ.

ಆಪರೇಷನ್ ಆಗಿ ಆರನೇ ವಾರ. ಮೊದಲ ವಾರದಲ್ಲೇ ವಾಕರ್ ಹಿಡಿದು ನಿಲ್ಲಬೇಕೆಂದು ಡಾಕ್ಟರ್ ಹೇಳಿದ್ದರು. ಈ ತಿಂಗಳೂ ಹೀಗೇ ಕಳೆದರೆ ಆಮೇಲೆ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ ಎಂದು ಅತ್ತಿಯನ್ನು ಹೊರಗೆ ಕರೆದು ಹೇಳಿದ್ದಾರಂತೆ. ಅತ್ತಿ ತಂದ ಹೊಸ ವಾಕರಿನ ಪ್ಲಾಸ್ಟಿಕ್ ಹೊದಿಕೆಯನ್ನೂ ನೀವು ಬಿಚ್ಚಲು ಬಿಟ್ಟಿಲ್ಲ. ಈಗ ಅದರ ಮೇಲೆ ಟವೆಲ್ ಒಣಗುತ್ತಿದೆ ಎಂದು ಅತ್ತಿ ನಗುತ್ತಾ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ನಗು ನಿಂತಿತ್ತು. ಈ ತಿಂಗಳ ಮೊದಲಲ್ಲಿ ನಾನು ಫೋನಿನಲ್ಲಿ ಈ ವಿಷಯ ಎತ್ತಿದಾಗ ನೀವು, "ಅದನ್ನ ಹಿಡದವರು ಬಿಟ್ಟದ್ದು ನಾ ನೋಡಿಲ್ಲವ್ವಾ. ನನ್ನ ರಿಜಿಸ್ಟರ್ ತಗದು ನೋಡು" ಎಂದು ಹೇಳಿ ಫೋನನ್ನು ಅತ್ತಿಯ ಕೈಗೆ ಕೊಟ್ಟುಬಿಟ್ಟಿರಿ. ಕಾಗದವನ್ನು ಹಾಗೆ ಇನ್ನೊಬ್ಬರ ಕೈಗೆ ದಾಟಿಸಲಾಗುವುದಿಲ್ಲ ಎಂದು ಬರೆಯಲು ಕೂತಿದ್ದೇನೆ. ಹೇಗೂ ನನಗೆ ಬಾಯಿಗಿಂತ ಕೈಯಲ್ಲಿ ಮಾತಾಡುವುದು ಸುಲಭ.

ಮೊದಲು ನಿಮ್ಮ ಸೇವಾ ಕ್ಲಬ್ಬಿನ ಸುದ್ದಿ ಹೇಳುತ್ತೇನೆ, ನೀವು ಅದನ್ನೇ ಕಾಯುತ್ತಿರುತ್ತೀರಿ. ಸೋಮವಾರದ ಸಭೆ ತಪ್ಪಿಲ್ಲ. ಅಧ್ಯಕ್ಷರಾದ ಸಂಜೀವ ಕಾಕಾ ಈಗಲೂ ಆರೂವರೆಗೆ ಅಂದರೆ ಏಳಕ್ಕೆ ಬರುತ್ತಾರೆ, ಬಂದ ಮೇಲೆ ಉಳಿದವರೆಲ್ಲ ತಡವಾಗಿ ಬಂದರೆಂದು ಬೇಜಾರು ಮಾಡಿಕೊಳ್ಳುತ್ತಾರೆ. ಬೇಸಿಗೆಯ ನೀರಿನ ಅರವಟ್ಟಿಗೆಯನ್ನು ಈ ಸಲ ಬಸ್ ಸ್ಟ್ಯಾಂಡಿನ ಒಳಗಡೆ ಇಡಬೇಕೋ ಹೊರಗಡೆಯೋ ಎಂಬ ಚರ್ಚೆ ಎರಡು ವಾರದಿಂದ ನಡೆದಿದೆ. ರಕ್ತದಾನದ ಪಟ್ಟಿಯನ್ನು ಮಿಲಿಂದ್ ಅಣ್ಣ ನೋಡಿಕೊಳ್ಳುತ್ತಿದ್ದಾರೆ. ಕರೆಂಟ್ ಆಫೀಸಿನ ಕೆಲಸ ಮುಗಿಸಿ ನೇರವಾಗಿ ಬರುತ್ತಾರೆ, ಬೆವರು ಒರೆಸಿಕೊಳ್ಳುತ್ತಲೇ ಫೋನ್ ಹಚ್ಚುತ್ತಾರೆ. ನಾನು ಸಭೆಯಲ್ಲಿ ಗೋಡೆಗೆ ಒರಗಿದ ಕೊನೆಯ ಕುರ್ಚಿಯಲ್ಲಿ ಕೂತು ನಡಾವಳಿ ಬರೆಯುತ್ತೇನೆ. ಎಂ.ಎ. ಮಾಡಿದವಳೆಂದು ಎಲ್ಲರೂ ನನ್ನಿಂದ ಭಾಷಣ ನಿರೀಕ್ಷಿಸುತ್ತಾರೆ. ಬರೆಯುತ್ತಿರುವವಳನ್ನು ಮಾತ್ರ ಯಾರೂ ಮಾತಾಡು ಎನ್ನುವುದಿಲ್ಲ, ಅದಕ್ಕೇ ಪೆನ್ನು ಕೆಳಗಿಡುವುದಿಲ್ಲ.

ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ರೋಗಿಗಳಿಗೆ ಎರವಲು ಕೊಡುವ ನಿಮ್ಮ ಸಾಮಾನು ಕೋಣೆ ತೆರೆಯುತ್ತೇನೆ. ಹತ್ತು ವಾಕರುಗಳಲ್ಲಿ ಆರು ಹೊರಗೆ ಹೋಗಿವೆ, ನಾಲ್ಕು ಒಳಗಿವೆ. ಗಾಲಿಕುರ್ಚಿಗಳಿಗೆ ಎಣ್ಣೆ ಬಿಡಿಸಿದ್ದೇನೆ. ತಲೆಯ ಕಡೆ ಎತ್ತರಿಸುವ ಮಂಚದ ಹಿಡಿಕೆ ಹೋಗಿತ್ತು, ವೆಲ್ಡಿಂಗ್ ಆಯಿತು. ಮೊದಲ ವಾರ ಒಬ್ಬರು ಬಂದು ಕಮೋಡ್ ಕುರ್ಚಿ ಬೇಕೆಂದು ಹೇಳಲು ನಾಚಿಕೊಂಡು ನಿಂತರು, ಏನು ಬೇಕೆಂದು ಕೇಳಲು ನಾನೂ ನಾಚಿಕೊಂಡು ನಿಂತೆ. ಕೊನೆಗೆ ಅವರು ಬೆರಳು ತೋರಿಸಿದರು, ನಾನು ಎತ್ತಿ ಕೊಟ್ಟೆ. ಎಲ್ಲರಿಗಿಂತ ನಾವಿಬ್ಬರೇ ಚೆನ್ನಾಗಿ ವ್ಯವಹಾರ ಮಾಡಿದೆವು ಅನ್ನಿಸುತ್ತದೆ.

ನೀವು ಹೇಳಿದಂತೆ ರಿಜಿಸ್ಟರ್ ತೆಗೆದು ನೋಡಿದೆ. ಹನ್ನೊಂದು ವರ್ಷದಲ್ಲಿ ವಾಕರ್ ಒಯ್ದವರು ಅರವತ್ತಮೂರು ಮಂದಿ. ಆರು ಇನ್ನೂ ಹೊರಗಿವೆ, ಹದಿನಾರು ತಿರುಗಿ ಬಂದೇ ಇಲ್ಲ. ಉಳಿದ ನಲವತ್ತೊಂದು ಹೆಸರಿನ ಮುಂದೆ, ಷರಾ ಎಂಬ ಕೊನೆಯ ಮನೆಯಲ್ಲಿ, ನಿಮ್ಮ ಕೆಂಪು ಚುಕ್ಕೆ. ಅದರ ಅರ್ಥವನ್ನು ನೀವೇ ಹೇಳಿಕೊಟ್ಟಿದ್ದಿರಿ: "ಹೋದವರ ಹೆಸರಿನ ಮುಂದ ಅಕ್ಷರ ಬರೀಬಾರ್ದು, ಚುಕ್ಕಿ ಸಾಕು." ಕಾರ್ಖಾನೆಯ ಕಾಟಾದಲ್ಲಿ ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದ ಕೈ ಬರೆದದ್ದು, ತಪ್ಪಿರಲಾರದು ಎಂದುಕೊಂಡೆ. ಆ ಪುಟಗಳನ್ನು ತಿರುವುತ್ತಾ ನನಗೂ ಹೆದರಿಕೆಯಾಯಿತು. ಮುತ್ಯಾ ಹಟ ಮಾಡುತ್ತಿಲ್ಲ, ಲೆಕ್ಕ ನೋಡಿ ಹೆದರಿದ್ದಾರೆ ಅನ್ನಿಸಿತು. ಆ ವಾರವೆಲ್ಲ ನಿಮಗೆ ಫೋನ್ ಮಾಡಲಿಲ್ಲ. ಮಾಡಿದರೂ ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ.

ಆಮೇಲೆ ಎರಡನೇ ಶನಿವಾರ ಬಂತು. ಈ ತಿಂಗಳ ಕಣ್ಣಿನ ಕ್ಯಾಂಪು ಮನೂರಿನ ಶಾಲೆಯಲ್ಲಿ. ನಾರಾಯಣಖೇಡದವರೆಗೆ ಬಸ್ಸು, ಅಲ್ಲಿಂದ ಶೇರ್ ಆಟೋ. ನನ್ನ ಮಡಿಲಲ್ಲಿ ಯಾರದೋ ಕೋಳಿಮರಿಗಳ ಬುಟ್ಟಿ. ಎಲ್ಲ ಹೊಲಗಳಲ್ಲೂ ತೊಗರಿ ಕಟಾವು ನಡೆದಿತ್ತು, ಜನ ಬರುವುದಿಲ್ಲವೆಂದು ಸಂಜೀವ ಕಾಕಾ ದಾರಿಯುದ್ದಕ್ಕೂ ಗೊಣಗಿದರು. ಬಂದರು. ಹತ್ತು ಗಂಟೆಗೆ ವರಾಂಡ ತುಂಬಿತು. ನನ್ನದು ಹೆಸರು ಬರೆಯುವ ಮೇಜು. ಸಾಲಿನಲ್ಲಿ ಹೆಣ್ಣುಮಗಳೊಬ್ಬಳು ಮುಂದೆ ನುಗ್ಗಿದ ಗಂಡಸಿನ ಜೊತೆ ಜಗಳ ತೆಗೆದಿದ್ದಳು. ನೀ ನಿನ್ನೆಯಿಂದ ನಿಂತಿದ್ದರೂ ನನ್ನ ಹಿಂದೆಯೇ ನಿಲ್ಲಬೇಕು ಎಂದು ಆಕೆ ಹೇಳಿದ ಧಾಟಿಗೆ ಆತ ನಿಜವಾಗಿಯೂ ಹಿಂದೆ ಹೋಗಿ ನಿಂತ. ಗೆದ್ದ ಖುಷಿಯಲ್ಲಿ ಸರಸರ ನಡೆದು ಬಂದು ನನ್ನ ಮುಂದೆ ನಿಂತಳು. ಹೆಸರು ಕೇಳಿದೆ. ಪೋಚಮ್ಮ. ಊರು ಮನೂರೇ, ಬಾವಿ ಕಡೆಯ ಓಣಿ. ವಯಸ್ಸು ಅರವತ್ತೋ ಅರವತ್ತೈದೋ, ನೀನೇ ನೋಡಿ ಹಾಕು ಎಂದಳು.

ನನ್ನ ಪೆನ್ನು ನಿಂತಿತು. ಪೋಚಮ್ಮ, ಮನೂರ್, ಬಾವಿ ಕಡೆ ಓಣಿ, ತೊಡೆಯ ಎಲುಬು: ಈ ಸಾಲನ್ನು ನಾನು ಹಿಂದಿನ ವಾರವಷ್ಟೇ ಓದಿದ್ದೆ. ಮುಂದೆ ಕೆಂಪು ಚುಕ್ಕೆ ಇತ್ತು. ನೀವು ಎಲುಬು ಮುರಿದದ್ದನ್ನೂ ಬರೆಯುವವರಲ್ಲವೇ, ಅದಕ್ಕೇ ನೆನಪಿತ್ತು. ಸಾಲು ಕಾಯುತ್ತಿದ್ದರೂ, ಯಾವಾಗಲಾದರೂ ಜಹೀರಾಬಾದಿನಿಂದ ವಾಕರ್ ಒಯ್ದಿದ್ದಿರಾ ಎಂದು ಕೇಳಿಯೇಬಿಟ್ಟೆ. ಆಕೆ ಬೆಚ್ಚಿದಳು. ಸುತ್ತ ನೋಡಿ, ಆ ಮಾತು ಇಲ್ಲಿ ಬೇಡ, ಕಣ್ಣು ತೋರಿಸಿ ಬರುತ್ತೇನೆ, ಆಮೇಲೆ ಬೇವಿನ ಮರದ ಕೆಳಗೆ ಸಿಗು ಎಂದಳು.

ಮಧ್ಯಾಹ್ನ ಸಿಕ್ಕಳು. ಸೊಸೆ ಕೊಟ್ಟ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟು, ನಾನು ಕೇಳುವ ಮೊದಲೇ ಶುರು ಮಾಡಿದಳು. ವಾಕರ್ ಒಯ್ದದ್ದು ನಿಜ. ನಾಲ್ಕು ತಿಂಗಳು ಅಂಗಳದಲ್ಲಿ ಅದನ್ನು ಹಿಡಿದು ನಡೆದು, ಒಂದು ದಿನ ಬಿಟ್ಟು ನಡೆದಳು. ಅದೇ ವಾರ ಅದನ್ನು ರಾಮುಲು ಎಂಬವನ ಆಟೋದಲ್ಲಿ ಹಾಕಿ ಕಳಿಸಿದಳು. ನೀವೇ ಯಾಕೆ ಬಂದು ಕೊಡಲಿಲ್ಲ, ವಾಸಿಯಾಯಿತೆಂದು ಒಂದು ಮಾತಾದರೂ ಯಾಕೆ ಹೇಳಿ ಕಳಿಸಲಿಲ್ಲ ಎಂದೆ. ನನ್ನನ್ನು ಏನೂ ತಿಳಿಯದ ಕೂಸಿನಂತೆ ನೋಡಿದಳು.

"ನಾನೇ ಬಂದ್ರ ಹೊಂಡುವಾಗ 'ಬರ್ತೀನ್ರಿ' ಅನ್ಬೇಕಾಗ್ತದ. ಅಂತಾ ಸಾಮಾನು ಇರೋ ಮನಿಗಿ ಮತ್ತ ಬರೋದು ಯಾರಿಗಿ ಬೇಕಾಗ್ಯದ ಬಿಡ್ಡಾ? ಅದಕ್ಕ ರಾಮುಲುಗ ಹೇಳಿದೆ, ಇಳಸು, ಬಾಯಿ ಮುಚ್ಕೊಂಡು ವಾಪಸ್ ಬಾ."

ಮುತ್ಯಾ, ನಾವು ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನುವುದಿಲ್ಲವಲ್ಲ. ರೋಗದ ಸಾಮಾನು ಹಿಂತಿರುಗಿಸಿ ಬರುತ್ತೇನೆ ಎಂದರೆ ರೋಗಕ್ಕೇ ಮಾತು ಕೊಟ್ಟಂತೆ ಎಂದು ಈ ಸುತ್ತಿನ ಹಳ್ಳಿಯವರ ನಂಬಿಕೆ. ವಾಸಿಯಾದವರು ಅದರ ಜೊತೆ ಬರುವುದಿಲ್ಲ, ಸುದ್ದಿಯನ್ನೂ ಕಳಿಸುವುದಿಲ್ಲ. ತೀರಿಕೊಂಡಿದ್ದರೆ ಮಾತ್ರ ದಿನಕರ್ಮ ಮುಗಿದ ಮೇಲೆ ಮಗನೋ ಸೊಸೆಯೋ ಬಂದು, ಕೈ ಮುಗಿದು, ಅತ್ತು ಕೊಟ್ಟು ಹೋಗುತ್ತಾರೆ.

ಮನೆಗೆ ಬಂದವಳೇ ರಿಜಿಸ್ಟರ್ ಬಿಡಿಸಿ ಕೂತೆ. ನಲವತ್ತೊಂದು ಚುಕ್ಕೆಗಳಲ್ಲಿ ಹದಿನೇಳರ ಪಕ್ಕ ಮಗ ಬಂದಿದ್ದ, ಸೊಸೆ ಬಂದಿದ್ದಳು ಎಂದು ನೀವೇ ಬರೆದಿದ್ದೀರಿ. ಉಳಿದ ಇಪ್ಪತ್ತನಾಲ್ಕರ ಪಕ್ಕ ಇರುವುದು ಒಂದೇ ಮಾತು, 'ಆಟೋದಲ್ಲಿ ಬಂತು'. ನೀವು ಆಟೋದವನನ್ನು ಕೇಳಿರುತ್ತೀರಿ, ಆತ ಕೊಟ್ಟಾರ ತಂದೀನಿ ಎಂದಿರುತ್ತಾನೆ. ಮನೆಗೆ ಫೋನ್ ಹಚ್ಚಿ, ಇದ್ದಾರೋ ಹೋದರೋ ಎಂದು ಹೇಗೆ ಕೇಳುವುದು? ನಿಮಗೆ ಕೇಳಲಾಗಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಚುಕ್ಕೆ ಇಟ್ಟಿರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಹುಡುಗಿಗೆ ಇಷ್ಟೊಂದು ಸಂಕೋಚ ಯಾರಿಂದ ಬಂತೋ ಎಂದು ಅವ್ವ ಬೈಯುತ್ತಿರುತ್ತಾಳೆ. ನನಗೀಗ ಗೊತ್ತಾಗಿದೆ, ಅವಳಿಗೆ ಹೇಳಿಲ್ಲ.

ಈ ವಾರವೆಲ್ಲ, ಪೋಚಮ್ಮನನ್ನು ಬಿಟ್ಟು ಉಳಿದ ಇಪ್ಪತ್ತಮೂರು ಮನೆಗಳಿಗೆ ಫೋನ್ ಮಾಡಿದೆ. ಹೌದು, ನಾನೇ ಮಾಡಿದೆ. ಮೊದಲ ಮನೆಗೆ ಹಚ್ಚಿ ಎರಡು ಸಲ ಕಟ್ ಮಾಡಿದೆ. ಕೇಳಬೇಕಾದ ಒಂದೇ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ: ನಮ್ಮ ವಾಕರ್ ನಿಮ್ಮವರಿಗೆ ಸರಿಹೋಗಿತ್ತೇನ್ರಿ? ಇಷ್ಟು ಕೇಳಿ ಸುಮ್ಮನಿದ್ದರೆ ಉಳಿದದ್ದನ್ನು ಜನರೇ ಹೇಳುತ್ತಾರೆ. ಒಂಬತ್ತು ನಂಬರುಗಳು ಈಗಿಲ್ಲ. ಹದಿನಾಲ್ಕು ಮನೆ ಸಿಕ್ಕವು. ಅದರಲ್ಲಿ ಮೂವರು ನಿಜಕ್ಕೂ ಆಗಲೇ ತೀರಿಕೊಂಡಿದ್ದರು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಪೋಚಮ್ಮನೂ ಸೇರಿ ಹನ್ನೆರಡು ಮಂದಿ ವಾಕರ್ ಬಿಟ್ಟು ನಡೆದವರು. ರಾಯಿಕೋಡಿನ ಭೂದೇವಿ ನಾನು ಫೋನ್ ಮಾಡಿದಾಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರಂತೆ. ಇಳಿದು ಬಂದು ಮಾತಾಡಿದರು, ಏದುಸಿರು ಕೇಳಿಸುತ್ತಿತ್ತು. ಕೊಡಂಗಲ್ಲಿನ ಒಬ್ಬರು ಸಂತೆಗೆ ಹೋಗಿದ್ದಾರೆ, ಸಂಜೆ ಮಾಡು ಎಂದು ಅವರ ಮನೆಯವರು ಬೈದರು. ಅಷ್ಟು ಸಂತೋಷದಿಂದ ಬೈಸಿಕೊಂಡದ್ದು ನನಗೆ ನೆನಪಿಲ್ಲ.

ವಾಕರ್ ಹಿಡಿದವರು ಬಿಟ್ಟದ್ದನ್ನು ನೀವು ನೋಡಿಲ್ಲ ಎಂದಿರಿ. ಅದು ಸುಳ್ಳಲ್ಲ. ಬಿಟ್ಟವರು ನಿಮ್ಮ ಕಣ್ಣಿಗೆ ಬೀಳಬಾರದೆಂದೇ ದೂರ ಉಳಿದರು, ಅಷ್ಟೇ.

ರಿಜಿಸ್ಟರನ್ನು ಸಂಜೀವ ಕಾಕಾ ಸೇರಿ ಯಾರಿಗೂ ತೋರಿಸಿಲ್ಲ. ಒಂದು ಚುಕ್ಕೆಯನ್ನೂ ನಾನು ತಿದ್ದಿಲ್ಲ. ಅದು ನಿಮ್ಮ ಕೈಯ ಕೆಲಸ, ನೀವೇ ತಿದ್ದಬೇಕು. ಪೋಚಮ್ಮನಿಗೆ ಮಾತ್ರ ಆ ದಿನ ಮರದ ಕೆಳಗೇ ಅವಳ ಚುಕ್ಕೆಯ ವಿಷಯ ಹೇಳಿಬಿಟ್ಟೆ. ಕೋಪ ಬರಬಹುದೆಂದು ಕಾಯುತ್ತಿದ್ದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾ ಸತ್ತು ಮೂರು ವರ್ಷ ಆತು, ಒಬ್ಬರೂ ನನಗ ಹೇಳಿಲ್ಲ ನೋಡು" ಎಂದು ಸೊಸೆಯನ್ನು ಕರೆದು ದೂರಿದಳು. ಆಮೇಲೆ ನಗು ನಿಲ್ಲಿಸಿ ನಿಮ್ಮ ಬಗ್ಗೆ ಕೇಳಿದಳು, ಆಕೆಗೆ ನೀವು ಕಾಟಾ ಸಾಬ್. ಮಗ ಆಕೆಯನ್ನು ಎತ್ತಿಕೊಂಡು ನಮ್ಮ ಕೋಣೆಗೆ ತಂದ ದಿನ ಕಾಟಾ ಸಾಬ್ ನೆಲದ ಮೇಲೆ ಕೂತು, ವಾಕರಿನ ನಾಲ್ಕೂ ಕಾಲನ್ನು ಒಂದೊಂದಾಗಿ ಒತ್ತಿ ಆಕೆಯ ಎತ್ತರಕ್ಕೆ ಸರಿಮಾಡಿದ್ದರಂತೆ. ಬೀಳುತ್ತೇನೆಂದು ಅತ್ತಾಗ, ಮೊದಲು ಇದನ್ನ ಮುಂದಿಡು, ಆಮೇಲೆ ಕೆಟ್ಟ ಕಾಲು, ಆಮೇಲೆ ಒಳ್ಳೇ ಕಾಲು ಎಂದು ಮುಕ್ಕಾಲು ಗಂಟೆ ಹೇಳುತ್ತಲೇ ಇದ್ದರಂತೆ. ಆ ಮಾತನ್ನು ಆಕೆ ಇವತ್ತಿಗೂ ಹಾಗೇ ಒಪ್ಪಿಸುತ್ತಾಳೆ. ಆ ಸಾಬ್ ಈಗ ಎಲುಬು ಮುರಿದುಕೊಂಡು ತಾಂಡೂರಿನಲ್ಲಿ ಮಲಗಿದ್ದಾರೆ, ವಾಕರ್ ಮುಟ್ಟುವುದಿಲ್ಲ ಎಂದೆ. ಆಕೆ ನಿಮ್ಮ ವಿಳಾಸ ಕೇಳಿದಳು.

ಇಲ್ಲಿ ಅವ್ವ, ಅಪ್ಪ ಚೆನ್ನಾಗಿದ್ದಾರೆ. ಅವ್ವ ಸಂಕ್ರಾಂತಿಯ ಎಳ್ಳುಂಡೆ ಕಳಿಸಿದ್ದಾಳೆ, ಅತ್ತಿ ಲೆಕ್ಕ ಹಾಕಿ ಕೊಟ್ಟರೆ ಸಿಟ್ಟಾಗಬೇಡಿ. ಇಂದು ಕೋಣೆಗೆ ಬಂದ ಮೂವರೂ ನೀವು ಹೇಗಿದ್ದೀರೆಂದು ಕೇಳಿದರು. ಅತ್ತಿಗೆ ನನ್ನ ನಮಸ್ಕಾರ, ಮಾಮನಿಗೂ ತಿಳಿಸಿ. ನಿಮ್ಮ ಪಾದಗಳಿಗೆ ಹಣೆ ಹಚ್ಚಿ, ಆ ಪಾದಗಳು ಬೇಗ ನೆಲ ಮುಟ್ಟಲಿ ಎಂದು ಬೇಡುವ,

ನಿಮ್ಮ
ದೀಪ್ತಿ

ಮರೆತ ಮಾತು: ಮಿಲಿಂದ್ ಅಣ್ಣ ನಾಳೆ ಬೆಳಗಿನ ಗಾಡಿಗೆ ಆಫೀಸ್ ಕೆಲಸದ ಮೇಲೆ ತಾಂಡೂರಿಗೆ ಹೊರಟಿದ್ದಾರೆ. ಈ ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾರೆ, ಅದಕ್ಕೆ ಅವಸರ. ಗುರುವಾರ ನಾನು ರಿಜಿಸ್ಟರ್ ತೆಗೆದುಕೊಂಡು ಬರುತ್ತಿದ್ದೇನೆ. ಜೊತೆಗೆ ಪೋಚಮ್ಮ ಬರುತ್ತಿದ್ದಾಳೆ, ತೊಗರಿ ರಾಶಿಯನ್ನು ಸೊಸೆಗೆ ಒಪ್ಪಿಸಿ. ನಿಮ್ಮ ಮಂಚದ ಹತ್ತಿರ ಮಾತ್ರ ಬರುವುದಿಲ್ಲವಂತೆ. "ಕಟ್ಟಿ ಮ್ಯಾಲ ಕೂತಿರ್ತೀನಿ. ನಾ ಸತ್ತೀನೋ ಬದುಕೀನೋ ನೋಡ್ಬೇಕಂದ್ರ ಅವರೇ ಹೊರಗ ಬರ್ಲಿ" ಎಂದಿದ್ದಾಳೆ. ಬೇಡವೆಂದು ಹೇಳಿ ನೋಡಿದೆ, ಆಕೆ ಯಾರ ಮಾತನ್ನೂ ಕೇಳುವವಳಲ್ಲ. ಮಂಚದಿಂದ ಬಾಗಿಲ ಹೊರಗಿನ ಕಟ್ಟೆಗೆ ಎಷ್ಟು ಹೆಜ್ಜೆ ಎಂದು ಅತ್ತಿಯಿಂದ ಅಳೆಸಿದೆ, ಹದಿನಾಲ್ಕು. ಕಾಗದ ಸೋಮವಾರ ನಿಮ್ಮ ಕೈ ಸೇರುತ್ತದೆ. ಸೋಮವಾರ, ಮಂಗಳವಾರ, ಬುಧವಾರ. ದಿನಕ್ಕೆ ಐದೈದು ಹೆಜ್ಜೆ ಹೆಚ್ಚಿಸಿಕೊಂಡರೆ ಸಾಕು.