ಮದರಾಸಿನ ಸ್ನಾನದ ತಾಲೀಮು

ನನ್ನನ್ನು ಹೆದರಿಸಿ ಹೆದರಿಸಿಯೇ ಬೆಳೆಸಿದ ಅಜ್ಜಿಗೆ, ನಿನ್ನ ನೀಲಿಯ ಶರಣು.

ನಿನಗೆ ಅಕ್ಷರ ಬರುತ್ತಿರಲಿಲ್ಲ, ಆದರೂ ಬರೆಯುತ್ತಿದ್ದೇನೆ. ಮನೆಗೆ ಬಂದ ಕಾಗದವನ್ನೆಲ್ಲ ನೀನು ಮೊದಲು ಅಂಗೈಯಲ್ಲಿ ತೂಗಿ ನೋಡಿ, "ಇದರಾಗ ಸುದ್ದಿ ಚಲೋ ಇಲ್ಲ" ಎಂದು ತೀರ್ಪು ಕೊಡುತ್ತಿದ್ದೆಯಲ್ಲ? ಹತ್ತಿ ವ್ಯಾಪಾರದ ಮನೆಯವರಿಗೆ ಕಾಗದವೂ ತೂಕದ ಸರಕೇ. ಇದನ್ನೂ ಹಾಗೇ ತೂಗಿ ನೋಡು. ನನಗೀಗ ನಲವತ್ತೈದು. ಕನ್ನಡಕ ಬಂದಿದೆ, ಧೈರ್ಯ ಬಂದಿಲ್ಲ. ಜೂನ್ ತಿಂಗಳಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಹೊಸ ಟ್ರಂಕು ಕಂಡರೆ ಸಾಕು, ನನ್ನ ಕೈ ತಾನಾಗಿಯೇ ಕೊರಳಿಗೆ ಹೋಗುತ್ತದೆ. ಯಾಕೆಂದು ನಿನಗಲ್ಲದೆ ಇನ್ನಾರಿಗೆ ಗೊತ್ತು?

ಹಿತ್ತಲ ಬಾವಿಯಲ್ಲಿ ನಾನು ಬಗ್ಗಿ ನೋಡಿದಾಗಲೆಲ್ಲ ನೀನು ನಿನ್ನ ತವರು ನಾಗಲದಿನ್ನೆಯ ಆ ಕತೆ ತೆಗೆಯುತ್ತಿದ್ದೆ. ತುಂಗಭದ್ರೆಯಲ್ಲಿ ಈಜಲು ಇಳಿದ ಒಬ್ಬಾತ, ದಂಡೆಗೆ ಬಂದು ಎದೆ ಮುಟ್ಟಿಕೊಂಡರೆ ಕೊರಳಲ್ಲಿ ದಾರವಿಲ್ಲ, ದಾರದ ತುದಿಯ ಬೆಳ್ಳಿಯ ಕರಡಿಗೆಯಿಲ್ಲ, ಕರಡಿಗೆಯೊಳಗಿನ ಲಿಂಗವಿಲ್ಲ. ಅಲ್ಲೇ ಮರಳಿನ ಮೇಲೆ ಕುಳಿತ. ಅನ್ನ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ. ಬಿಸಿಲು ಏರಿತು, ಇಳಿಯಿತು, ಮತ್ತೆ ಏರಿತು. ಕುಳಿತವನು ಏಳಲೇ ಇಲ್ಲ. "ಲಿಂಗ ಕಳಕೊಂಡಾವ ಜೀವಾನೂ ಕಳಕೊಂಡ" ಎಂದು ನೀನು ಎಲೆಯಡಿಕೆ ಬಾಯಿಗಿಟ್ಟುಕೊಂಡರೆ ಕತೆ ಮುಗಿಯುತ್ತಿತ್ತು. ನನ್ನ ನಿದ್ದೆಯೂ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಕೂಸಿಗೆ ಹೆಸರಿಡುವ ಮೊದಲೇ ಲಿಂಗ ಕಟ್ಟುತ್ತಾರೆ; ಅಂದರೆ ನನ್ನ ಹೆಸರಿಗಿಂತ ನನ್ನ ಹೆದರಿಕೆಯೇ ಹಿರಿಯದು. ಮಲಗಿದಾಗಲೂ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದೆ, ಗೊತ್ತೇ?

ಯುದ್ಧ ಮುಗಿದ ಮರುವರ್ಷ, ಬಟ್ಟೆಗೂ ರೇಷನ್ ಇದ್ದ ಆ ದಿನಗಳಲ್ಲಿ ಅಪ್ಪ ಒಂದು ಮಧ್ಯಾಹ್ನ ಹತ್ತಿ ಮಂಡಿಯಿಂದ ಬಂದವನೇ ನಿನ್ನ ಮುಂದೆ ಕುಳಿತ. ನನ್ನನ್ನು ಮದರಾಸಿನ ಹೆಣ್ಣುಮಕ್ಕಳ ಕಾಲೇಜಿಗೆ ಸೇರಿಸುವ ಮಾತು. ನೀನು ಹೌಹಾರುತ್ತೀ, ಹೆಣ್ಣಿಗೆ ಓದು ಯಾಕೆನ್ನುತ್ತೀ ಎಂದು ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕಾದೆ. ನೀನು ಹಾಗೆ ಅಂದುಬಿಡಬಾರದೇ ಎಂಬ ಆಸೆಯೂ ಒಳಗೊಳಗೇ ಇತ್ತು.

"ಹಾಸ್ಟೆಲ್ ಐತವ್ವ. ದೊರಸಾನಿಗಳು ಚಲೋ ನೋಡ್ಕೋತಾರ. ಕಾವಲಿಗೆ ಮಂದಿ ಅದಾರ" ಎಂದ ಅಪ್ಪ.

"ಅದೆಲ್ಲ ಇರ್ಲಿ. ಜಳಕ ಎಲ್ಲಿ ಮಾಡ್ತಾಳ?"

ಊಟದ ಬಗ್ಗೆ, ರೈಲಿನ ಬಗ್ಗೆ, ಜಾತಿಯ ಬಗ್ಗೆ ಉತ್ತರ ಕಟ್ಟಿಕೊಂಡು ಬಂದಿದ್ದ ಅಪ್ಪ ಜಳಕದ ಹತ್ತಿರ ಬಂದು ನಿಂತುಬಿಟ್ಟ. ನಮ್ಮ ಓಣಿಯಲ್ಲಿ ಮದರಾಸು ಕಂಡವರೆಂದರೆ ಅಪ್ಪನ ಜೊತೆ ವ್ಯಾಪಾರ ಮಾಡುತ್ತಿದ್ದ ಶೆಟ್ಟರು ಒಬ್ಬರೇ. ಅವರನ್ನು ಕರೆಸಿದೆವು. ಅವರ ತೆಲುಗು ಕನ್ನಡ ಒಂದೇ ಚೀಲದ ಹತ್ತಿ.

"ಅಕ್ಕಡ ಅಂತಾ ಕೊಳಾಯೇ, ಅಮ್ಮಾ! ಅಲ್ಲೆಲ್ಲಾ ಕೊಳಾಯಿ, ಸಾಲಾಗಿ ಬಚ್ಚಲು. ತಿರುವಿದ್ರ ನೀರು ದಬದಬ ಬೀಳ್ತೈತಿ. ಬಿದ್ದ ನೀರು ಮೋರಿಗೆ, ಮೋರಿ ಸೀದಾ ಸಮುದ್ರಕ್ಕ."

ಅವರು ಹೋದ ಮೇಲೆ ನೀನು ಹಿತ್ತಲಿಗೆ ಹೋಗಿ ನಮ್ಮ ಬಚ್ಚಲ ಮೋರಿಯನ್ನು ಬಗ್ಗಿ ನೋಡಿದೆ. ಆಮೇಲೆ ನಿನ್ನಷ್ಟಕ್ಕೆ ನೀನೇ ಅಂದೆ: "ನಮ್ಮ ಮೋರಿ ಬಾಳಿಗಿಡದ ಬುಡಕ್ಕ ನಿಂದರತೈತಿ. ಅವರದು ಸಮುದ್ರಕ್ಕ..."

ಆ ಮಾತನ್ನು ನೀನು ಮುಗಿಸಲಿಲ್ಲ. ಮುಗಿಸುವ ಕೆಲಸ ನನ್ನ ತಲೆ ಮಾಡಿತು. ದಾರ ಕಡಿಯುತ್ತದೆ, ಕರಡಿಗೆ ಉರುಳುತ್ತದೆ, ಮೋರಿ ನುಂಗುತ್ತದೆ, ಸಮುದ್ರ ಬಾಯಿ ಮುಚ್ಚುತ್ತದೆ. ಊರಿಂದ ಅಷ್ಟು ದೂರ, ಭಾಷೆ ಬಾರದ ಊರಿನಲ್ಲಿ ನಾನು ಮರಳಿನ ಮೇಲೆ ಕುಳಿತಿದ್ದೇನೆ. ಹೆದರಿದಾಗ ಪ್ರಾಸ ಕಟ್ಟುವುದು ನನ್ನ ಹಳೆಯ ಚಟ. "ಟ್ರಂಕಿನಲ್ಲಿ ಚಟ್ನಿಪುಡಿ, ಹೊಟ್ಟೆಯಲ್ಲಿ ಗಡಿಬಿಡಿ, ಸಮುದ್ರದ ಊರು, ಕುಡಿಯಲಿಕ್ಕಿಲ್ಲ ನೀರು" ಎಂದು ಹಾಡಿಕೊಳ್ಳುತ್ತ ಓಡಾಡುತ್ತಿದ್ದೆ. "ಪದ ಕಟ್ಟಾಕ ಬರ್ತೈತಿ, ಸೀರಿ ಗಂಟು ಕಟ್ಟಾಕ ಬರಂಗಿಲ್ಲ" ಎಂದು ನೀನು ಚುಚ್ಚುತ್ತಿದ್ದೆ.

ಅಪ್ಪನ ಮಂಡಿಗೆ ಬಂದ ಒಳ್ಳೆಯ ಹತ್ತಿಯನ್ನೆಲ್ಲ ಮುಟ್ಟಿ ನೋಡಿ ನೀನು ಒಂದು ಹಿಡಿ ಆರಿಸಿಕೊಂಡು ಕುಳಿತ ಮುಂಜಾನೆ ನನ್ನ ಕಣ್ಣಿಗೆ ಕಟ್ಟಿದೆ. ನನಗೆ ಹೊಸ ಶಿವದಾರ ಹೊಸೆಯಬೇಕು, ಮದರಾಸಿಗೆ ತಡೆಯುವಂಥದು. ತೊಡೆಯ ಮೇಲೆ ಎಳೆಗೆ ಎಳೆ ಸೇರಿಸಿ ಹೊಸೆದೆ. ಸಾಲದೆಂದು ಮತ್ತೆ ಹೊಸೆದೆ. ಆಮೇಲೆ ಅದರ ತುದಿಗೆ ತುಂಬಿದ ಹಿತ್ತಾಳೆ ಕೊಡ ಕಟ್ಟಿ ತೊಲೆಯ ಕೊಂಡಿಗೆ ನೇತುಹಾಕಿದೆ. ಕೊಡ ತೂಗಿತು, ದಾರ ತಡೆಯಿತು. ಅದನ್ನೇ ನನ್ನ ಕೊರಳಿಗೆ ಹಾಕಿದೆ. ಎರಡು ದಿನದಲ್ಲಿ ಕತ್ತು ಕೆಂಪಾಗಿ ಬಾತುಕೊಂಡಿತು.

ಅಮ್ಮ ತಡೆಯಲಾರದೆ ಕೇಳಿದಳು: "ಅತ್ತೀ, ಇದು ಶಿವದಾರಾನೋ, ಬಾವಿ ಹಗ್ಗಾನೋ? ಹುಡುಗಿ ಕೊರಳು ನೋಡ್ರಿ, ಎತ್ತಿನ ಕೊರಳಾಗೇತಿ."

"ಎತ್ತು ಕಳದ್ರ ಹುಡುಕಿದ್ರ ಸಿಗ್ತೈತಿ. ನೀ ಸುಮ್ನಿರು."

ನಿನಗೆ ದಾರದ ಮೇಲೆ ನಂಬಿಕೆ ಬಂತು, ನನ್ನ ಮೇಲೆ ಬರಲಿಲ್ಲ. ಅದಕ್ಕೇ ಅಲ್ಲವೇ ಆ ತಾಲೀಮು ಶುರುವಾದದ್ದು? ನಮ್ಮ ಊರು ಆದವಾನಿಯಲ್ಲಿ ಬೇಸಿಗೆಯ ನೀರೆಂದರೆ ತುಪ್ಪದ ಹಾಗೆ ಬಡಿಸುವ ವಸ್ತು. ನೀನೇ ಮುಖ ತೊಳೆದ ನೀರನ್ನು ಮಲ್ಲಿಗೆ ಬಳ್ಳಿಗೆ ಹಾಕುವವಳು. ಅಂಥವಳು ಬಚ್ಚಲಿನ ಮೋಟು ಗೋಡೆಯಾಚೆ ಮಣೆ ಹಾಕಿಕೊಂಡು ನಿಂತು, ಸೀರೆಯುಟ್ಟು ಕೆಳಗೆ ನಿಂತ ನನ್ನ ತಲೆಯ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದೆ. ನೀನು ಕೊಳಾಯಿ, ನಾನು ಕಾಲೇಜು ಹುಡುಗಿ. "ಕೈ ಎದಿ ಮ್ಯಾಲೆ ಇಡು! ಒಂದು ಕೈಯಾಗ ತಿಕ್ಕೋ! ಬಗ್ಗಬ್ಯಾಡ!" ಎಂದು ಮೇಲಿನಿಂದ ಕೂಗುತ್ತಿದ್ದೆ. ಪಕ್ಕದ ಮನೆಯವರು ನನಗೆ ದೆವ್ವ ಬಿಡಿಸುತ್ತಿದ್ದಾರೆಂದು ತಿಳಿದಿದ್ದರು. ಅವರ ಊಹೆ ಪೂರ್ತಿ ತಪ್ಪೇನಲ್ಲ.

ಹೊರಡುವುದಕ್ಕೆ ಇನ್ನೇನು ಒಂದೆರಡು ದಿನ ಇರುವಾಗ ನಡೆದದ್ದನ್ನು ನಾವಿಬ್ಬರೂ ಆಮೇಲೆ ಒಮ್ಮೆಯೂ ಮಾತಾಡಲಿಲ್ಲ. ಈಗ ಮಾತಾಡೋಣ. ಅಂದು ನೀನು ದೊಡ್ಡ ಬಿಂದಿಗೆಯನ್ನು ಒಂದೇ ಸಲಕ್ಕೆ ಬಗ್ಗಿಸಿದೆ. ನನ್ನ ಕಣ್ಣಿಗೆ ಸೀಗೆಪುಡಿ ಹೋಗಿತ್ತು. ಉಜ್ಜಿಕೊಳ್ಳಲು ಕೈ ಎತ್ತಿದೆ. ಕೊರಳು ಹಗುರವಾಯಿತು. ಏನೋ ಕಾಲಿಗೆ ತಗುಲಿ, ಕಲ್ಲಿನ ಮೇಲೆ ಟಣ್ ಎಂದು, ನೀರಿನ ಜೊತೆ ಜಾರಿ... ಕಣ್ಣು ಬಿಟ್ಟಾಗ ಮೋರಿಯ ತೂತು ಗುಳುಗುಳು ಎನ್ನುತ್ತಿತ್ತು. ದಾರ ಕಡಿದಿರಲಿಲ್ಲ, ಅಜ್ಜಿ. ಕೊಡ ತೂಗಿದ ದಾರ ಹೇಗೆ ಕಡಿದೀತು? ಅಷ್ಟು ದಪ್ಪ ಹೊಸ ಹತ್ತಿಯ ದಾರಕ್ಕೆ ಗಂಟು ಕೂರಲಿಲ್ಲ, ಅಷ್ಟೆ. ನೆನೆದು, ಉಬ್ಬಿ, ಬಿಚ್ಚಿಕೊಂಡಿತ್ತು.

ನಾನು ಕೂಗಲಿಲ್ಲ. ಕೂಗಿದರೆ ಅದು ನಿಜವಾಗುತ್ತದೆ ಎಂದು ಭಯ. ಒದ್ದೆ ಸೀರೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಬರೀ ಕೊರಳು ಮುಟ್ಟಿಕೊಳ್ಳುವುದು, ಕೈ ಹಿಂತೆಗೆಯುವುದು. ಇದೇ ನನ್ನ ಮರಳು, ಇನ್ನು ನಾನು ಇಲ್ಲಿಂದ ಏಳುವಂತಿಲ್ಲ ಎಂದು ನನಗೆ ಖಚಿತವಾಗಿ ಹೋಗಿತ್ತು. ಹದಿನೇಳು ವರ್ಷದ, ಇಂಗ್ಲಿಷ್ ಪರೀಕ್ಷೆ ಪಾಸಾದ ಹುಡುಗಿ! ಆದರೆ ನಿನ್ನ ಕತೆಗೂ ಇಂಗ್ಲಿಷಿಗೂ ಏನು ಸಂಬಂಧ?

"ಯಾಕ, ದನಿ ಇಲ್ಲ?" ಎಂದು ನೀನು ಗೋಡೆಯ ಮೇಲಿಂದ ಬಗ್ಗಿದೆ. ನನ್ನ ಕೊರಳು ನೋಡಿದೆ. ಬಿಂದಿಗೆ ನಿನ್ನ ಕೈಯಿಂದ ಬಿತ್ತು.

ಆಮೇಲೆ ಹಿತ್ತಲೆಲ್ಲ ಕೆಸರು. ಅಪ್ಪ ಮಂಡಿ ಬಿಟ್ಟು ಓಡಿ ಬಂದು, ಪಂಚೆ ಕಚ್ಚೆ ಹಾಕಿ ಬಾಳೆಯ ಬುಡದ ಗುಂಡಿಗೆ ಇಳಿದ. ಅಮ್ಮ ಬೊಗಸೆಯಲ್ಲಿ ಕೆಸರೆತ್ತಿ ಜರಡಿಗೆ ಹಾಕುತ್ತಿದ್ದಳು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಬೆಳಿಗ್ಗೆಯಿಂದ ನನ್ನ ಬಾಯಿಗೆ ಹನಿ ನೀರು ಹೋಗಿರಲಿಲ್ಲ. ಲಿಂಗಕ್ಕೆ ಪೂಜೆಯಿಲ್ಲದೆ ಹೋಗುವಂತೆಯೂ ಇರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿತ್ತು. ಅಮ್ಮ ಬಚ್ಚಲಿಂದ ಎಬ್ಬಿಸಿ ತಂದು ಕೂರಿಸಿದ್ದಳು; ನಾನು ಹಿತ್ತಲ ಪಡಸಾಲೆಯ ಕಂಬಕ್ಕೆ ಒರಗಿದ್ದೆ. ಆಗ ನೀನು ಬಂದೆ, ಕೈಯಲ್ಲಿ ಮಜ್ಜಿಗೆಯ ಚೆಂಬು.

"ಕುಡಿ."

"ಲಿಂಗ ಸಿಗೂತನಕ ಒಲ್ಲೆ, ಅಜ್ಜಿ. ನೀನ ಹೇಳಿದ್ದಿಯಲ್ಲ..."

"ಕುಡಿ ಅಂದೆ."

ಗುಂಡಿಯೊಳಗಿಂದ ಅಪ್ಪ ತಲೆ ಎತ್ತಿದ. "ಅವ್ವಾ, ಏನ್ ಮಾಡಾಕತ್ತಿ? ಪೂಜಿ ಇಲ್ಲದ—"

"ನೀ ಕೆಸರ ತೆಗಿ" ಎಂದೆ ನೀನು, ಅತ್ತ ತಿರುಗದೆ. ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಚೆಂಬು ನನ್ನ ತುಟಿಗೆ ಹಿಡಿದು, ಕತೆ ಹೇಳುವ ದನಿಯಲ್ಲದ ಇನ್ನಾವುದೋ ದನಿಯಲ್ಲಿ ಅಂದೆ: "ಆ ನಾಗಲದಿನ್ನಿಯಾವ ನಮ್ಮಣ್ಣ. ನಾ ಆಗ ಸಣ್ಣಾಕಿ. ಚೆಂಬಿನಾಗ ನೀರು ತುಂಬ್ಕೊಂಡು ದಂಡಿಗೆ ಹೋಗಿದ್ದೆ. ಹಿರೇರು ಕೊಡಬ್ಯಾಡಂದ್ರು. ಹಿಡಕೊಂಡು ನಿಂತೆ. ಅಂವ ನನ್ನ ಕಡಿ ನೋಡಿದ. ನಾ ಹಿಡಕೊಂಡು ನಿಂತೇ ಇದ್ದೆ."

ನಾನು ಕುಡಿದೆ. ಅಜ್ಜಿ, ಮಜ್ಜಿಗೆಗೆ ಉಪ್ಪು ಹಾಕಲು ನೀನು ಮರೆತಿದ್ದೆ. ಅಷ್ಟು ವರ್ಷದ ಭಯ ಒಂದು ಚೆಂಬು ಸಪ್ಪೆ ಮಜ್ಜಿಗೆಯಲ್ಲಿ ಹೋಗಿಬಿಡುತ್ತದೆಯೇ? ಇಲ್ಲ. ಆದರೆ ಅಂದು ಮೊದಲ ಸಲ ನಿನ್ನ ಮುಖದಲ್ಲೂ ಅದನ್ನು ಕಂಡೆ. ನನ್ನನ್ನು ಹೆದರಿಸುತ್ತಿದ್ದಾಕೆ ನನಗಿಂತ ಹೆದರಿದವಳು. ನನ್ನ ಪಾಲಿಗೆ ಬಂದದ್ದು ನಿನ್ನದರ ಅರ್ಧ ಮಾತ್ರ.

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಕೈಗೆ ಕರಡಿಗೆ ತಗುಲಿತು. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಆತ ಕೆಸರಿನಲ್ಲೇ ಕುಳಿತು ಅತ್ತ. ಅತ್ತಾದ ಮೇಲೆ ಎದ್ದು ಬಂದು ನಿನಗೆ ಹೇಳಿದ: "ಶಕುನ ಚಲೋ ಇಲ್ಲವ್ವ. ಆಕಿ ಇಲ್ಲೇ ಇರ್ಲಿ. ಮದರಾಸು ಬ್ಯಾಡ."

ನಿಜ ಹೇಳಲೇ? ನಾನು ಕಂಬದ ಹಿಂದೆ ನಿಂತು, ಈ ಸಲ ಅಪ್ಪನ ಮಾತೇ ನಡೆಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೇಡವೆಂದುಬಿಡು ಅಜ್ಜಿ, ಎಂದಿನ ಹಾಗೆ ಹೆದರಿಬಿಡು...

"ಶಕುನದ್ದೇನು ತಪ್ಪೈತಿ?" ಎಂದೆ ನೀನು. "ಗಂಟು ಚಲೋ ಇರಲಿಲ್ಲ. ಗಂಟು ಹಾಕಿದಾಕಿ ನಾ. ಆಕಿ ಹೋಗ್ತಾಳ."

ಸ್ಟೇಷನ್ನಿಗೆ ನೀನು ಬರಲಿಲ್ಲ. ಜಟಕಾ ಹತ್ತುವ ಮೊದಲು ತಲೆಬಾಗಿಲಲ್ಲಿ ನಿನ್ನ ಕಾಲು ಮುಟ್ಟಿ, ಯಾರಿಗೂ ಕೇಳದ ಹಾಗೆ ಕೇಳಿದೆ: "ಅಲ್ಲಿ ಕಳದ್ರ, ಅಜ್ಜಿ?"

"ಕಳದ್ರ ಮಠದ ಅಯ್ಯನೋರು ಇನ್ನೊಂದು ಕಟ್ತಾರ. ನಿನ್ನಂಥಾಕಿನ್ನ ಯಾವ ಅಯ್ಯನೋರು ಕಟ್ಟಿಕೊಡ್ತಾರ?" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಆ ಗುದ್ದು ಗುಂತಕಲ್ಲಿನವರೆಗೂ ನೋಯುತ್ತಿತ್ತು. ಅಲ್ಲಿಂದ ಮುಂದೆ ಅದು ನಿಂತುಹೋಯಿತೆಂದು ಅಳು ಬಂತು.

ದಸರೆಯ ರಜೆಗೆ ಬಂದು ಎಲ್ಲ ಹೇಳಬೇಕೆಂದಿದ್ದೆ. ಅದಕ್ಕೂ ಮೊದಲೇ ನೀನಿಲ್ಲವೆಂಬ ತಂತಿ ಬಂತು. ಹಾಗಾಗಿ ನಿನಗೆ ಮುಟ್ಟದೇ ಉಳಿದ ಸುದ್ದಿ ಇದು: ಕಳೆಯಲಿಲ್ಲ, ಅಜ್ಜಿ. ಮೊದಲ ತಿಂಗಳೆಲ್ಲ ಕರಡಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಸ್ನಾನ ಮಾಡಿದೆ. ಪಕ್ಕದ ಬಚ್ಚಲಿನ ಮಲಯಾಳಿ ಹುಡುಗಿ ಏನು ಕೇಳಿದರೂ "ಹ್ಞೂಂ" ಎನ್ನುತ್ತಿದ್ದೆ. ನೀಲಾ ಬಹಳ ಗಂಭೀರ ಹುಡುಗಿ ಎಂದು ಹಾಸ್ಟೆಲಿನಲ್ಲಿ ಹೆಸರಾಯಿತು. ಅಲ್ಲಿ ಎಲ್ಲರೂ ಏನನ್ನೋ ಕಚ್ಚಿಕೊಂಡೇ ಬಂದಿದ್ದಾರೆಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಇನ್ನೊಂದು ಸುದ್ದಿ. ನಾನೀಗ ಬಳ್ಳಾರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್. ನಗಬೇಡ. ನಾಳೆ ಹೊಸ ಹುಡುಗಿಯರು ಬರುತ್ತಾರೆ, ಅವರ ಟ್ರಂಕಿನ ಹಿಂದೆ ಅವರ ಅಜ್ಜಿಯರೂ. ಇವತ್ತು ಸಂಜೆಯಿಂದ ನನಗೆ ಊಟ ಸೇರಿಲ್ಲ. ಇಷ್ಟೊಂದು ಕೊರಳು, ಇಷ್ಟೊಂದು ಗಂಟು. ಎಲ್ಲವನ್ನೂ ನಾನೊಬ್ಬಳು ಹೇಗೆ ಕಾಯಲಿ? ಕಾಯಲಾಗದು. ವರ್ಷಕ್ಕೆ ಇಬ್ಬರೋ ಮೂವರೋ ನನ್ನ ಬಾಗಿಲಿಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಾರೆ. ಓಲೆ ಕಳೆದವಳು, ಪರೀಕ್ಷೆ ಕಳೆದುಕೊಂಡವಳು, ಬಾಯಿಬಿಟ್ಟು ಹೇಳಲಾರದ್ದನ್ನು ಕಳೆದುಕೊಂಡವಳು. ಮನೆಗೆ ಗೊತ್ತಾದರೆ ಸಾಯುತ್ತೇನೆ ಎನ್ನುತ್ತಾರೆ. ನಾನೂ ಒಳಗೊಳಗೇ ನಡುಗುತ್ತೇನೆ. ಆದರೆ ನಿನ್ನಾಣೆ, ನಾನು ಚೆಂಬು ಹಿಡಿದುಕೊಂಡು ನಿಲ್ಲುವುದಿಲ್ಲ. ಮೊದಲು ಕುಡಿಯಲಿಕ್ಕೆ ಕೊಡುತ್ತೇನೆ. ಏನು ಕಳೆಯಿತೆಂದು ಆಮೇಲೆ ಕೇಳುತ್ತೇನೆ.

ನಿನ್ನ,
ನೀಲಿ