ಅಳಿಯನ ಕಾರಿನ ಬ್ರೇಕ್ ತಾಟು

ಭಾತಂಬ್ರಾ
೯ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ಶಶಿಕಲಾಳಿಗೆ ನಿನ್ನ ಅಪ್ಪನ ತುಂಬು ಆಶೀರ್ವಾದ.

ಹೊಟ್ಟೆನೋವು ಕಡಿಮೆಯಾಯಿತೇ? ಕಲಬುರಗಿಯ ಹಾಸ್ಟೆಲಿನ ಅನ್ನ ನಿನಗೆ ಒಗ್ಗುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಊರ ಮಂದಿಗೆಲ್ಲ ಔಷಧ ಕೊಡುವ ನರ್ಸು ತನ್ನ ಹೊಟ್ಟೆಯನ್ನು ತಾನು ನೋಡಿಕೊಳ್ಳಲಾರಳು ಎಂದರೆ ಯಾರಿಗೆ ಹೇಳುವುದು. ನಿನ್ನವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇನೆ. ಅವಳ ಮೊಣಕಾಲು ಹಾಗೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ಮೊಮ್ಮಗಳು ಶಿವಾನಿಯ ಹಣೆಯ ಮೂರು ಹೊಲಿಗೆ ಒಣಗುತ್ತಿವೆ, ನಾಳೆ ಬಿಚ್ಚುತ್ತಾರಂತೆ, ಅಲ್ಲಿಯ ತನಕ ಇಲ್ಲೇ ಇರುತ್ತದೆ. ಅದು ನನಗೆ ಹೆದರದೆ ಗಾಯ ಕೆರೆದುಕೊಳ್ಳುತ್ತದೆ, ನಿನ್ನ ಹಟವೇ ಅದಕ್ಕೂ ಬಂದಿದೆ.

ಮೊನ್ನೆ ಫೋನಿನಲ್ಲಿ ನೀನು ಅಳತೊಡಗಿದೆ, ನಾನು ಕೂಗಾಡಿದೆ, ಮಾತು ಮುಗಿಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಪ್ಪ, ನೀನು ಹೇಳಿದಂತೆ ಮಾಡುತ್ತೇನೆ ಎಂದು ನೀನೇ ಹೇಳಿದ್ದೀಯ. ನಿನ್ನ ತರಬೇತಿ ಮುಗಿಯಲು ಇನ್ನೂ ಮೂರು ತಿಂಗಳಿದೆ. ಅಲ್ಲಿಯವರೆಗೆ ಶಿವಾನಿ ಬೀದರಿನಲ್ಲಿ, ಮೈಲೂರಿನ ಮನೆಯಲ್ಲಿ ತನ್ನ ಅಪ್ಪನ ಜೊತೆ ಇರಬೇಕೋ, ಅಲ್ಲಿಯ ಶಾಲೆ ಬಿಡಿಸಿ ಇಲ್ಲೇ ನನ್ನ ಹತ್ತಿರ ಇಟ್ಟುಕೊಳ್ಳಬೇಕೋ, ಅದು ನನ್ನ ಈ ಕಾಗದದ ಮೇಲೆ ನಿಂತಿದೆ ಎಂದು ನನಗೆ ಗೊತ್ತಿದೆ. ಆದ್ದರಿಂದ ಒಂದೂ ಬಿಡದೆ ಬರೆಯುತ್ತೇನೆ.

ನಿನ್ನ ಗಂಡ ಪ್ರವೀಣಕುಮಾರ ಔರಾದಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಾನೆ. ಹೇಳಲಿ, ಬೇಡವೆಂದವರು ಯಾರು. ಆದರೆ ಆ ವಿಜ್ಞಾನವನ್ನು ಮನೆಯೊಳಗೆ ತರುತ್ತಾನಲ್ಲ, ಅದು ನನಗೆ ಸೇರುವುದಿಲ್ಲ. ಒಂದು ಕಾರನ್ನು ಹಸಿ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುವ ಗಂಡಸನ್ನು ನಾನು ಬೇರೆ ಕಂಡಿಲ್ಲ. ಮುಂದಿನ ಗಾಲಿಗಳೊಳಗೆ ಒಂದೊಂದು ಕಬ್ಬಿಣದ ತಾಟು ಇರುತ್ತದೆ, ಅವನು ಡಿಸ್ಕ್ ಅನ್ನುತ್ತಾನೆ. ಬ್ರೇಕು ತುಳಿದರೆ ಎರಡು ಪ್ಯಾಡುಗಳು ಆಚೀಚೆಯಿಂದ ಆ ತಾಟನ್ನು ಅಮುಕಿ ಹಿಡಿಯುತ್ತವೆ, ಕಾರು ನಿಲ್ಲುತ್ತದೆ. ಇಷ್ಟೇ ವಿದ್ಯೆ. ಇದಕ್ಕೆ ಈ ಮಹಾಶಯ ಶಾಲೆಯ ಪ್ರಯೋಗಾಲಯದಿಂದ ವರ್ನಿಯರ್ ತಂದು, ತಾಟಿನ ದಪ್ಪ ಅಳೆದು, ನೋಟುಬುಕ್ಕಿನಲ್ಲಿ ಬರೆದಿಡುತ್ತಾನೆ. ಶ್ರಾವಣದಲ್ಲಿ ಬ್ರೇಕು ತುಳಿದಾಗ ಕಾಲಿಗೆ ನಡುಕ ಬರುತ್ತದೆ ಎಂದು ಅಳೆದ. ಸವೆದಿದೆಯಂತೆ. ಎಷ್ಟು ಸವೆದಿದೆ ಎಂದು ಕೇಳಿದರೆ ಕೂದಲೆಳೆಯಷ್ಟು. ಮೈಲೂರಿನ ಮೆಕ್ಯಾನಿಕ್ ರಶೀದ ಅಹ್ಮದ, ಕೈ ಪಳಗಿದ ಮನುಷ್ಯ, ಲೇತಿಗೆ ಕೊಟ್ಟು ನಯ ಮಾಡಿಸೋಣ ಎಂದನಂತೆ. ಇವನು ಒಪ್ಪಲಿಲ್ಲ, ಇನ್ನೂ ತೆಳ್ಳಗಾದರೆ ಕಾದು ಬಿರಿಯುತ್ತದೆಯಂತೆ. ಒಂದು ಹೆಚ್ಚು ಸವೆದಿದ್ದರೆ ಅದೊಂದನ್ನೇ ಬದಲಿಸು ಎಂದೆ. ಜೋಡಿಯನ್ನೇ ಬದಲಿಸಬೇಕಂತೆ. ಹೊಸದು ಹಾಕಿಸಿದ ಮೇಲೆ ಎಕಂಬಾದ ಕಡೆ ಖಾಲಿ ರಸ್ತೆಗೆ ಹೋಗಿ, ಓಡಿಸುವುದು, ಮೆಲ್ಲಗೆ ಬ್ರೇಕು ಹಿಡಿಯುವುದು, ಮತ್ತೆ ಓಡಿಸುವುದು, ಹೀಗೆ ಮೂವತ್ತು ಸಲ ಮಾಡಿದ. ಪ್ಯಾಡು ತಾಟಿಗೆ ಹೊಂದಿಕೊಳ್ಳಬೇಕಂತೆ. ಹೊಲದಲ್ಲಿದ್ದ ಹೆಣ್ಣುಮಕ್ಕಳು ಕೆಲಸ ಬಿಟ್ಟು ನಿಂತು ನಕ್ಕರೆಂದು ಅವನೇ ನಗುತ್ತ ಹೇಳಿದ. ಮಾನ ಇದ್ದವನು ಅದನ್ನು ಹೇಳಿಕೊಳ್ಳುತ್ತಾನೆಯೇ?

ದಸರೆಯ ಖಂಡೇ ಪೂಜೆಗೆ, ಆಯುಧಗಳ ಪೂಜೆಗೆ, ಅಪ್ಪ ಮಗಳು ಇಲ್ಲಿಗೆ ಬಂದರು. ಹಿಂದಿನ ದಿನ ಮಳೆ ಬಿದ್ದಿತ್ತು. ಬೆಳಿಗ್ಗೆ ಎದ್ದವನೇ ಅಂಗಳದಲ್ಲಿ ಜಾಕ್ ಹಚ್ಚಿ, ಮುಂದಿನ ಎರಡೂ ಗಾಲಿ ಬಿಚ್ಚಿ, ಮತ್ತೆ ಅಳೆಯಲು ಕೂತ. ನಾನು ಬಗ್ಗಿ ನೋಡಿದರೆ, ಅಷ್ಟು ಮೆರೆದ ಹೊಸ ತಾಟಿನ ಮೇಲೆ ಕೆಂಪಗೆ ತುಕ್ಕು. ಮೋಸ ಹೋಗಿದ್ದೀಯಪ್ಪ ಎಂದೆ. ಅವನು ತಲೆ ಎತ್ತಲಿಲ್ಲ. "ಮಳಿ ನೀರಿಗೆ ಬಂದದ್ದರಿ ಮಾವಾ. ಎರಡ ಸಲ ಬ್ರೇಕ್ ಹಿಡದರ ತಾನಾ ಹೋಗ್ತದ. ನೀವು ಮುಟ್ಟಬ್ಯಾಡ್ರಿ" ಎಂದ. ನನಗೆ! ಐವತ್ತು ವರ್ಷದಿಂದ ಈ ಮನೆಯ ಕೊಡಲಿ, ಕುಡಗೋಲು, ಕುಂಟೆಯ ಕುಡ ಎಲ್ಲವನ್ನೂ ಖಂಡೇ ಪೂಜೆಗೆ ತೊಳೆದು, ಎಣ್ಣೆ ಸವರಿ, ತುಕ್ಕು ಹತ್ತಿರ ಸುಳಿಯದ ಹಾಗೆ ಇಟ್ಟವನಿಗೆ ಕಬ್ಬಿಣ ಮುಟ್ಟಬೇಡ ಎಂದು ನಿನ್ನೆ ಮೊನ್ನೆ ಬಂದ ಅಳಿಯ ಹೇಳುತ್ತಾನೆ. ಹೇಳಿ, ಗಾಲಿಗಳನ್ನು ಬಿಚ್ಚಿದ ಹಾಗೇ ಬಿಟ್ಟು, ಚೆಂಡುಹೂ ತರುತ್ತೇನೆಂದು ಶಿವಾನಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಭಾಲ್ಕಿಗೆ ಹೋದ. ತಿರುಗಿ ಬಂದದ್ದು ಮಧ್ಯಾಹ್ನ. ಪೂಜೆಗೆ ಹೊತ್ತಾಯಿತು ಎಂದು ನಾನು ನಾಲ್ಕು ಸಲ ಕೂಗಿದ ಮೇಲೆ ಗಡಬಡಿಸಿ ಗಾಲಿ ಹಾಕಿದ. ಕೂದಲೆಳೆ ಅಳೆಯುವ ಕಣ್ಣು ಆಗ ಎಲ್ಲಿ ಹೋಗಿತ್ತು ಎಂದು ನೀನೇ ಕೇಳು.

ಮರುದಿನ ಸಂಜೆ ಬನ್ನಿ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಬೀದರಿಗೆ ಹೊರಟರು. ನಮ್ಮ ಮನೆಯ ಮುಂದಿನ ಇಳಿಜಾರು ನಿನಗೆ ಗೊತ್ತಲ್ಲ. ಕಾರು ಇಳಿಯತೊಡಗಿತು, ನಿಲ್ಲಲಿಲ್ಲ. ನಾನು ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಕೆಳಗೆ ಬನ್ನಿ ಹಿಡಿದುಕೊಂಡು ಮಂದಿ ಬರುತ್ತಿದ್ದರು. ಅವನು ಕೈಬ್ರೇಕು ಎಳೆದು, ದನಗಳಿಗೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಗೆ ಕಾರನ್ನು ಗುದ್ದಿ ನಿಲ್ಲಿಸಿದ. ಶಿವಾನಿಗೆ ಬೆಲ್ಟು ಹಾಕಿದ್ದ, ಆದರೆ ಅದರ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ಹಣೆಗೆ ಬಡಿಯಿತು. ಆ ರಕ್ತ ನೋಡಿ ನಿನ್ನವ್ವ ಮೊಣಕಾಲು ಮರೆತು ಓಡಿದಳು. ಮಂದಿಯ ಮೇಲೆ ಹರಿಸದೆ ತೊಟ್ಟಿಗೆ ತಿರುಗಿಸಿದ, ಜಾಣ, ಎಂದು ಊರವರು ಹೊಗಳುತ್ತಿದ್ದಾರೆ. ಹೊಗಳಲಿ, ಅವರ ಮೊಮ್ಮಗಳ ಹಣೆ ಒಡೆದಿಲ್ಲವಲ್ಲ.

ಮರುದಿನ ರಶೀದ ಅಹ್ಮದ ಬಂದು ಗಾಲಿ ಬಿಚ್ಚಿದ. ತಾಟಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. "ಮಾಸ್ತರ, ಇದು ಗಾಡಿ ಎಣ್ಣಿ ಅಲ್ಲರಿ, ಕುಸುಬಿ ಎಣ್ಣಿ ಅದ. ಎರಡೂ ಕಡಿ ಹಚ್ಯಾರ. ಪ್ಯಾಡ್ ಎಲ್ಲ ಎಣ್ಣಿ ಕುಡದಾವ, ಇನ್ನ ಬ್ರೇಕ್ ಹ್ಯಾಂಗ ಹಿಡೀತದ? ಯಾರು ಹಚ್ಚಿದರು?" ಎಂದ. ಅಂಗಳದಲ್ಲಿ ನಾಲ್ಕು ಮಂದಿ ಇದ್ದರು, ನಾನೂ ಇದ್ದೆ. ನಿನ್ನ ಗಂಡ ನನ್ನ ಕಡೆ ಒಮ್ಮೆ ನೋಡಿ, "ನಾನೇ ಹಚ್ಚೇನಿ. ತುಕ್ಕ ಹಿಡಿದಿತ್ತು" ಎಂದ. ಕೇಳಿದೆಯಾ? ತನ್ನ ಬಾಯಿಂದ ತಾನೇ ಒಪ್ಪಿಕೊಂಡ. ರಶೀದ ಅವನ ಮುಖ ನೋಡಿದ, ತಾಟು ನೋಡಿದ. ತಾಟುಗಳನ್ನು ತೊಳೆದು ಒರೆಸಿ, ಪ್ಯಾಡುಗಳನ್ನು ಬಿಸಾಡಿ ಹೊಸವು ಹಾಕಿದ. ಇನ್ನು ನಿನಗೆ ಬೇರೆ ಸಾಕ್ಷಿ ಏಕೆ? ವಿಜ್ಞಾನ ಓದಿಯೂ ಬ್ರೇಕಿಗೆ ಎಣ್ಣೆ ಸವರುವವನ ಕೈಗೆ ಮಗುವನ್ನು ಕೊಡಬೇಡ. ಶಿವಾನಿ ನನ್ನ ಹತ್ತಿರ ಇರಲಿ. ನಮ್ಮೂರ ಶಾಲೆಯ ಮಾಸ್ತರರ ಹತ್ತಿರ ಮಾತಾಡಿದ್ದೇನೆ, ಸೋಮವಾರದಿಂದಲೇ ಕಳಿಸಬಹುದು.

ನಿನ್ನವ್ವ ನಿನ್ನನ್ನು ನೆನೆಸುತ್ತಾಳೆ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಪಾಳಿ ಇದ್ದರೆ ಹಗಲು ಮಲಗು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಡಲಿ.

ನಿನ್ನ ಅಪ್ಪ,
ಶಿವರಾಜಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿ ಹೇಳಿ ಎಂದಳು ನಿನ್ನವ್ವ, ಓದಿದೆ. "ಎಲ್ಲಾ ಬರದೀರಿ, ಒಂದ ಮಾತ ಬಿಟ್ಟೀರಿ" ಎಂದು ಎದ್ದು ಒಳಗೆ ಹೋದಳು. ಶಶಿ, ಎಣ್ಣೆ ಹಚ್ಚಿದವನು ನಾನು. ಅವರು ಭಾಲ್ಕಿಗೆ ಹೋದಾಗ ಕುಡಗೋಲಿಗೆ ಹಚ್ಚಿ ಉಳಿದದ್ದನ್ನು ಅದೇ ಅರಿವೆಯಿಂದ ಎರಡು ತಾಟಿಗೂ ಸವರಿದೆ. ಬೇಡ ಎಂದನಲ್ಲ, ಅದಕ್ಕೇ ಸವರಿದೆ. ರಶೀದ ಕೇಳಿದಾಗ ನನ್ನ ಬಾಯಿ ಕಟ್ಟಿತು, ಅವನು ಅದನ್ನು ನೋಡಿಯೇ ತನ್ನ ಮೇಲೆ ಹಾಕಿಕೊಂಡ. ಇವತ್ತಿನ ತನಕ ಆ ವಿಷಯ ಎತ್ತಿಲ್ಲ, ನಿನ್ನೆ ಫೋನು ಮಾಡಿ ನನ್ನ ಗುಳಿಗೆ ಮುಗಿದಿವೆಯೇ ಎಂದು ಕೇಳಿದ. ಅವನು ನನಗೆ ಈಗಲೂ ಸೇರುವುದಿಲ್ಲ. ಮಗುವನ್ನು ಅವನ ಹತ್ತಿರವೇ ಬಿಡು.