ಮಸ್ಕತ್ತಿನ ಶುಕ್ರವಾರ

೧೨ ಜನವರಿ ೨೦೨೫, ಭಾನುವಾರ. ಮೊಳಕಾಲ್ಮುರು.

ನನಗೆ ಮಸ್ಕತ್ತಿನ ವೀಸಾ ಬಂತು. ಆದರೆ ಶಾಂತಕುಮಾರಿಗೆ ಒಂದು ಒಳ್ಳೆಯ ಮಾತು ಹೇಳಲಾಗಲಿಲ್ಲವಲ್ಲ ಎಂದು ಮನಸ್ಸು ಚುಚ್ಚುತ್ತಿದೆ.

ನಮ್ಮ ವಿಚ್ಛೇದನವಾಗಿ ಮೂರು ವರ್ಷ. ಚಳ್ಳಕೆರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಹೋದ ವರ್ಷ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಮಕ್ಕಳ ಪಾಸ್‌ಪೋರ್ಟಿಗೆ ನನ್ನ ಸಹಿ ಬೇಕಿತ್ತು. "ಹಾಕಬ್ಯಾಡ ಕಣಲೇ, ಮಕ್ಕಳು ಕೈತಪ್ಪಿ ಹೋಗ್ತಾವೆ" ಎಂದ ಅಣ್ಣ ರಾಜಣ್ಣ. ಒಂದು ವಾರ ಸತಾಯಿಸಿ, ಕೊನೆಗೆ ಹಾಕಿಕೊಟ್ಟೆ. ಅವರು ಹೋದ ಮೇಲೆ, ನಾನು ಓಡಿಸುವ ರಾಂಪುರದ ಬಸ್ಸಿಗೆ ಶಾಲೆ ಮಕ್ಕಳು ಹತ್ತಿದರೆ ಕನ್ನಡಿಯತ್ತ ನೋಡಲಾಗುತ್ತಿರಲಿಲ್ಲ.

ತನ್ನ ಆಸ್ಪತ್ರೆಗೆ ಡ್ರೈವರ್ ಬೇಕೆಂದು ತಿಳಿದು ಅವಳೇ ನನ್ನ ಹೆಸರು ಕೊಟ್ಟಿದ್ದಾಳೆ! ಸಂಜೆ ಫೋನಿನಲ್ಲಿ ಅಂದಳು: "ನಾವಿಬ್ರೂ ಮತ್ತೆ ಒಂದಾಗೋ ಮಾತಿಲ್ಲ, ತಿಳ್ಕಳ್ರಿ. ಮಕ್ಕಳಿಗೆ ಅಪ್ಪ ಬೇಕು. ಅವತ್ತು ಸಹಿ ಹಾಕಿದ್ರಲ್ಲ, ಅದನ್ನ ಮರ್ತಿಲ್ಲ ನಾನು."

ಒಂದು ಒಳ್ಳೆಯ ಮಾತು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಮಗಳು ಸಿಂಚನ ಫೋನ್ ಕಿತ್ತುಕೊಂಡು, "ಅಪ್ಪಾ, ಇಲ್ಲಿ ಶುಕ್ರವಾರ ರಜ. ಅಮ್ಮ ಹೇಳ್ಯಾಳೆ, ಪ್ರತಿ ಶುಕ್ರವಾರ ನಿನ್ ಜೊತೆ ಇರ್ಬೋದಂತೆ. ಬೆಳಿಗ್ಗೇನೇ ಬಂದ್ಬಿಡು" ಎಂದಳು.

ಕೋರ್ಟು ನನಗೆ ತಿಂಗಳಿಗೆ ಎರಡು ಭಾನುವಾರ ಕೊಟ್ಟಿತ್ತು. ಶಾಂತಕುಮಾರಿ ಎಲ್ಲ ಶುಕ್ರವಾರಗಳನ್ನೂ ಕೊಟ್ಟುಬಿಟ್ಟಳು. ಕೇಳದೆಯೇ. ನಾನಾಗಿದ್ದರೆ ಕೊಡುತ್ತಿದ್ದೆನೋ ಇಲ್ಲವೋ...